ಕೋನಿಗ್ಸ್‌ಬರ್ಗರ್: ಮೈಸೂರು ಸಂಸ್ಥಾನ ಬಿಟ್ಟ ಮೇಲೆ ಈ ಸರ್ಕಾರಿ ಆರ್ಕಿಟೆಕ್ಟ್ ಏನು ಮಾಡಿದರು?

ಬಸವನಗುಡಿ_ಹುಡುಗ

ಬೆಂಗಳೂರಿನ ಹಳೇ ಕಟ್ಟಡಗಳ ಮಾತು ಎಲ್ಲಿ ಶುರುವಾದರೂ ಓಟೊ ಕೋನಿಗ್ಸ್‌ಬರ್ಗರ್ ಹೆಸರು ಒಂದ್ಸಲ ಬಂದೇ ಬರುತ್ತದೆ. 1939ರಲ್ಲಿ ಬಂದು ಮೈಸೂರು ಸಂಸ್ಥಾನದ ಆರ್ಕಿಟೆಕ್ಟ್ ಆದರು. ಟಾಟಾ ಇನ್‌ಸ್ಟಿಟ್ಯೂಟಿನ (ಈಗಿನ ಐಐಎಸ್‌ಸಿ) ಏರೋನಾಟಿಕ್ಸ್ ವಿಭಾಗ, ಮೆಟಲರ್ಜಿ ವಿಭಾಗ, ಹಾಸ್ಟೆಲ್ ಊಟದ ಹಾಲ್ ಇವೆಲ್ಲ ಅವರದ್ದೇ. ನಮ್ಮ ಕೃಷ್ಣರಾವ್ ಪಾರ್ಕಿನ ಮಂಟಪ ಕೂಡ. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. 1948ಕ್ಕೆ ಬಂದು ಎಲ್ಲರೂ ನಿಲ್ಲಿಸಿಬಿಡುತ್ತಾರೆ. "ಆಮೇಲೆ ದೆಹಲಿಗೆ ಹೋದರು, ಭುವನೇಶ್ವರ ಪ್ಲಾನ್ ಮಾಡಿದರು", ಅಷ್ಟೇ. ಅವರು ತೀರಿಕೊಂಡಿದ್ದು 1999ರಲ್ಲಿ. ಮಧ್ಯದ ಐವತ್ತು ವರ್ಷ ಎಲ್ಲಿ ಹೋಯಿತು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಚಜ್ಜಾ

ಕಾಲೇಜಿನಲ್ಲಿ ನಾವೆಲ್ಲ ಇವರ ಪುಸ್ತಕ ಓದಿ ಪಾಸಾದವರು. ಉಷ್ಣವಲಯದಲ್ಲಿ ಮನೆ ಕಟ್ಟುವ ಬಗ್ಗೆ 1974ರಲ್ಲಿ ಇವರೂ ಇನ್ನೂ ಮೂವರೂ ಸೇರಿ ಬರೆದಿದ್ದು. ಆ ಲೇಖಕರು ನಮ್ಮ ಬೆಂಗಳೂರಿನಲ್ಲಿ ಸರ್ಕಾರಿ ನೌಕರರಾಗಿದ್ದರು ಅಂತ ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹುಟ್ಟಿದ್ದು 1908, ಬರ್ಲಿನ್. ಆ ಕಾಲದ ಹೆಸರಾಂತ ಆರ್ಕಿಟೆಕ್ಟ್ ಹಾನ್ಸ್ ಪೋಲ್ಜಿಗ್ ಅವರ ಶಿಷ್ಯ. 1933ರಲ್ಲಿ ಜರ್ಮನಿಯ ದೊಡ್ಡ ಪ್ರಶಸ್ತಿ ಶಿಂಕೆಲ್ ಪ್ರೈಜ್ ಬಂತು. ಯಹೂದಿ ಮೂಲದವರು ಅನ್ನುವ ಒಂದೇ ಕಾರಣಕ್ಕೆ ಅದೇ ವರ್ಷ ಸರ್ಕಾರಿ ಕೆಲಸ ಹೋಯಿತು. ಕೈರೋಗೆ ಹೋದರು. ಅಲ್ಲಿ ಸಂಬಂಧಿಕರಾದ ಲುಡ್ವಿಗ್ ಬೋರ್ಖಾರ್ಟ್ ಇದ್ದರು, ಈಜಿಪ್ಟಿನ ರಾಣಿ ನೆಫರ್ಟಿಟಿಯ ತಲೆಯ ಶಿಲ್ಪವನ್ನು ಅಗೆದು ತೆಗೆದವರು. ಅವರ ಹತ್ತಿರ ಇದ್ದುಕೊಂಡು ಹಳೇ ಈಜಿಪ್ಟಿನ ಬಾಗಿಲುಗಳನ್ನು ಹೇಗೆ ಮಾಡುತ್ತಿದ್ದರು ಅನ್ನುವುದರ ಮೇಲೆ ಡಾಕ್ಟರೇಟ್ ಮಾಡಿದರು. ಇನ್ನೊಬ್ಬ ಸಂಬಂಧಿಕರು ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಸಿ.ವಿ. ರಾಮನ್ ಕರೆದರು ಅಂತ 1935ರಲ್ಲಿ ಬೆಂಗಳೂರಿಗೆ ಬಂದು ಕೆಲವು ತಿಂಗಳು ಇದ್ದರಲ್ಲ, ಅವರೇ. ಆ ದಾರಿಯಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯ, ಆಮೇಲೆ ಈ ನೌಕರಿ.

ಮಿರ್ಜಾ ಸಾಹೇಬರಿಗೆ ಗುಮ್ಮಟ, ಕಮಾನು, ಛತ್ರಿ (ಕಟ್ಟಡದ ಮೇಲಿನ ಸಣ್ಣ ಗುಮ್ಮಟದ ಮಂಟಪ) ಇಷ್ಟ. ಇವರು ಬಂದಿದ್ದು ಅಲಂಕಾರ ಬೇಡ ಅನ್ನುವ ಬರ್ಲಿನ್ನಿನ ಹೊಸ ಶೈಲಿಯಿಂದ. ಪಾರ್ಕಿನ ಮಂಟಪಕ್ಕೂ ಇನ್‌ಸ್ಟಿಟ್ಯೂಟಿನ ಕಟ್ಟಡಗಳಿಗೂ ಒಬ್ಬರೇ ಕೈ ಹಾಕಿದ್ದು ಅಂತ ನಂಬುವುದಕ್ಕೆ ಕಷ್ಟವಾಗುವುದು ಅದಕ್ಕೇ. 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ಯುದ್ಧ, ವಿಮಾನ ಕಾರ್ಖಾನೆ ಎಚ್‌ಎಎಲ್, 1942ರಲ್ಲಿ ಏರೋನಾಟಿಕ್ಸ್ ವಿಭಾಗ. ವಿಮಾನದ ಮಾದರಿಗೆ ಗಾಳಿ ಊದಿ ಪರೀಕ್ಷಿಸುವ ವಿಂಡ್ ಟನಲ್‌ಗೆ ಕಟ್ಟಡ ಬೇಕು ಅಂದಾಗ ಯಾರೂ ಅದರ ಮೇಲೆ ಛತ್ರಿ ಇಡಿ ಅಂತ ಕೇಳುವುದಿಲ್ಲ ಅಲ್ವಾ. ಇವರ ಒಳ್ಳೇ ಕೆಲಸ ಎಲ್ಲ ಬಂದಿದ್ದು ಹೀಗೆ ತುರ್ತು ಇದ್ದಾಗ, ಮೇಲಿನವರಿಗೆ ಅಲಂಕಾರದ ಕಡೆ ನೋಡುವುದಕ್ಕೆ ಪುರುಸೊತ್ತು ಇಲ್ಲದಿದ್ದಾಗ. ಇದು ನನ್ನ ಅಭಿಪ್ರಾಯ.

ನಡುವೆ ಟಾಟಾದವರಿಗೆ ಜಮ್ಶೆಡ್‌ಪುರದ ಅಭಿವೃದ್ಧಿ ಯೋಜನೆಯನ್ನೂ ಮಾಡಿಕೊಟ್ಟರು. ಅಲ್ಲಿಂದ ಅವರು ಕಟ್ಟಡ ಮಾಡುವವರು ಅನ್ನುವುದಕ್ಕಿಂತ ಊರು ಯೋಜಿಸುವವರು ಆದರು.

ಬಸವನಗುಡಿ_ಹುಡುಗ

ದೆಹಲಿಯಲ್ಲಿ ಏನಾಯಿತು ಮೇಡಂ? ಮನೆ ಫ್ಯಾಕ್ಟರಿ ಅಂತ ಏನೋ ಮಾಡಿ ಕೈ ಸುಟ್ಟುಕೊಂಡರು ಅಂತ ಕೇಳಿದ್ದೆ.

ಚಜ್ಜಾ

ಹೌದು. 1948ರಲ್ಲಿ ಕೇಂದ್ರ ಸರ್ಕಾರ ಅವರನ್ನು ವಸತಿ ನಿರ್ದೇಶಕರಾಗಿ ಕರೆಸಿಕೊಂಡಿತು. ಆಗ ವಸತಿ ಇದ್ದಿದ್ದು ಆರೋಗ್ಯ ಸಚಿವಾಲಯದ ಕೆಳಗೆ, ಮಂತ್ರಿ ರಾಜಕುಮಾರಿ ಅಮೃತ್ ಕೌರ್. ದೇಶ ವಿಭಜನೆಯಾಗಿ ಬಂದ ಲಕ್ಷಗಟ್ಟಲೆ ಜನ ಟೆಂಟಿನಲ್ಲಿದ್ದರು. ಫರೀದಾಬಾದ್, ನೀಲೋಖೇರಿ, ರಾಜಪುರಾ, ಗಾಂಧೀಧಾಮ, ಹೀಗೆ ಸಾಲು ಸಾಲು ಹೊಸ ಊರುಗಳು. ಅದರ ಜೊತೆಗೆ ದೆಹಲಿಯ ಜಂಗ್‌ಪುರದಲ್ಲಿ ಸರ್ಕಾರಿ ಹೌಸಿಂಗ್ ಫ್ಯಾಕ್ಟರಿ. ಕಾರ್ಖಾನೆಯಲ್ಲಿ ಗೋಡೆ ಎರಕ ಹೊಯ್ದು, ಲಾರಿಯಲ್ಲಿ ತಂದು, ಸೈಟಿನಲ್ಲಿ ಜೋಡಿಸುವುದು. ಅದು ಕೈಗೂಡಲಿಲ್ಲ. ಸಂಸತ್ತಿನಲ್ಲಿ ಗಲಾಟೆಯಾಯಿತು. 1951ರಲ್ಲಿ ಇವರು ಇಂಡಿಯಾ ಬಿಟ್ಟು ಲಂಡನ್ನಿಗೆ ಹೋದರು.

ನಿವೃತ್ತ_ಎಂಜಿನಿಯರ್

ಫ್ಯಾಕ್ಟರಿ ವಿಷಯ ನಾನು ಹೇಳುತ್ತೇನೆ. ನಮ್ಮ ಇಲಾಖೆಯಲ್ಲಿ ಹೊಸ ಪದ್ಧತಿಯ ಮನೆ ಅಂದ ತಕ್ಷಣ ಹಿರಿಯರು ಈ ಜಂಗ್‌ಪುರದ ಕಥೆ ತೆಗೆಯುತ್ತಿದ್ದರು, ಹೆದರಿಸುವುದಕ್ಕೆ.

ಅಲ್ಲಿ ಮಾಡಲು ಹೊರಟಿದ್ದು ಹಗುರ ಕಾಂಕ್ರೀಟಿನ ಫಲಕ. ಒಳಗೆ ಗಾಳಿಗುಳ್ಳೆ ಬರುವ ಹಾಗೆ ಮಾಡಿದ ಕಾಂಕ್ರೀಟು. ಇವತ್ತು ಅಂಗಡಿಯಲ್ಲಿ ಸಿಗುವ ಎಎಸಿ ಬ್ಲಾಕ್ ಅದೇ ಜಾತಿ. ಬ್ಲಾಕ್ ಚಿಕ್ಕದು, ಒಂದು ಮೂಲೆ ಮುರಿದರೆ ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಳ್ಳಬಹುದು. ಇಡೀ ಗೋಡೆಯನ್ನೇ ಒಂದು ಫಲಕವಾಗಿ ಮಾಡಿದರೆ ಕ್ಯೂರಿಂಗ್ ಸರಿಯಾಗಿ ಆಗದಿದ್ದರೂ ಕಷ್ಟ, ಎತ್ತುವಾಗ ಕ್ರೇನ್ ಕೊಕ್ಕೆ ಒಂದು ಕಡೆ ಜಾಸ್ತಿ ಎಳೆದರೂ ಕಷ್ಟ, ಆ ಕಾಲದ ರೋಡಿನಲ್ಲಿ ಲಾರಿ ಕುಲುಕಿದರೂ ಕಷ್ಟ. ಅಲ್ಲಿ ಆಗಿದ್ದೂ ಇದೇ, ಫಲಕಗಳು ಒಡೆದವು. ಎಲ್ಲ ದಾಟಿ ಸೈಟಿಗೆ ಬಂದರೂ ಎರಡು ಫಲಕದ ನಡುವಿನ ಜಾಯಿಂಟು ಇದೆಯಲ್ಲ, ಅಲ್ಲಿ ನೀರು ಇಳಿಯುತ್ತದೆ. ಇಷ್ಟು ದೊಡ್ಡ ಫ್ಯಾಕ್ಟರಿ ಹಾಕುವ ಮೊದಲು ನಮ್ಮ ಸಿಮೆಂಟು, ನಮ್ಮ ಮರಳು, ನಮ್ಮ ಬಿಸಿಲಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಬೇಕು. ಅವಸರದಲ್ಲಿ ಅದಕ್ಕೆಲ್ಲ ಟೈಮ್ ಎಲ್ಲಿತ್ತು?

ಆದರೆ ತಾಂತ್ರಿಕ ದೋಷಕ್ಕಿಂತ ದೊಡ್ಡ ತಪ್ಪು ಲೆಕ್ಕದಲ್ಲಿತ್ತು. ಈ ಪದ್ಧತಿ ಬಂದಿದ್ದು ಬ್ರಿಟನ್ನಿನಿಂದ. ಯುದ್ಧ ಮುಗಿದ ಮೇಲೆ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಇಂಥ ಮನೆ ನಿಲ್ಲಿಸಿದರು. ಅಲ್ಲಿ ಗಾರೆ ಕೆಲಸದವರು ಸಿಗುತ್ತಿರಲಿಲ್ಲ, ವಿಮಾನ ಮಾಡುತ್ತಿದ್ದ ಫ್ಯಾಕ್ಟರಿಗಳು ಕೆಲಸವಿಲ್ಲದೆ ಕೂತಿದ್ದವು. ದೆಹಲಿಯಲ್ಲಿ ಪೂರ್ತಿ ಉಲ್ಟಾ. ಫ್ಯಾಕ್ಟರಿ ಇರಲಿಲ್ಲ, ಕೆಲಸವಿಲ್ಲದ ಕೈಗಳು ಲಕ್ಷಗಟ್ಟಲೆ. ಕೆಲಸ ಬೇಕಾದ ಜನರಿಗೆ, ಕೆಲಸವೇ ಇಲ್ಲದ ಹಾಗೆ ಮನೆ ಕಟ್ಟುವ ಯಂತ್ರ ತಂದುಕೊಟ್ಟರು!

ಒಂದು ಮಾತು ಸೇರಿಸುತ್ತೇನೆ. ಆ ಫ್ಯಾಕ್ಟರಿ ಮುಚ್ಚಿ ಹೋಗಲಿಲ್ಲ. ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಆಯಿತು, ಆಮೇಲೆ ಹಿಂದೂಸ್ತಾನ್ ಪ್ರಿಫ್ಯಾಬ್. ರೈಲ್ವೆಗೆ ಕಾಂಕ್ರೀಟ್ ಸ್ಲೀಪರ್ ಮಾಡಿಕೊಟ್ಟಿತು.

ಸುಮ್ನೆ_ಕೇಳ್ತೀನಿ

ಅಂದರೆ ಫೇಲ್ ಆದವರು, ವಿದೇಶಕ್ಕೆ ಹೋಗಿ ಎಕ್ಸ್‌ಪರ್ಟ್ ಆದರು. ಇಂಥ ಜನರನ್ನು ನಾವು ಯಾಕೆ ತಲೆ ಮೇಲೆ ಹೊತ್ತುಕೊಳ್ಳಬೇಕು? ಮೈಸೂರು ಪಿಡಬ್ಲ್ಯುಡಿಯಲ್ಲಿ ಆಗ ಎಷ್ಟು ಎಂಜಿನಿಯರುಗಳು, ಮೇಸ್ತ್ರಿಗಳು ಇದ್ದರು, ಒಬ್ಬರ ಹೆಸರಾದರೂ ಹೇಳಿ ನೋಡೋಣ. ಜರ್ಮನ್ ಹೆಸರಾದರೆ ಮಾತ್ರ ನೆನಪಿರುತ್ತದೆ ನಮಗೆ. ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ತೋಟಗಾರ ಕೃಂಬಿಗಲ್‌ ಹೆಸರಲ್ಲಿ ರಸ್ತೆ ಇದೆ, ಲಾಲ್‌ಬಾಗಿನ ಹಾಲಿಗೂ ಅದೇ ಹೆಸರಿಟ್ಟರು.

ನಿವೃತ್ತ_ಎಂಜಿನಿಯರ್

ಹೆಸರು ಉಳಿಯದ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಸರ್ಕಾರಿ ಡ್ರಾಯಿಂಗಿನ ಕೆಳಗೆ ಸಹಿ ಮಾಡುವವರು ಒಬ್ಬರು, ರಾತ್ರಿ ಕೂತು ಗೆರೆ ಎಳೆಯುವವರು ಇನ್ನೊಬ್ಬರು. ಅದು ಇವತ್ತಿಗೂ ಹಾಗೇ. ಆದರೆ ಫೇಲ್ ಆದರು ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ ಗುರುಗಳೇ. ಅದೇ ಹೊತ್ತಿನಲ್ಲಿ ಫರೀದಾಬಾದಿನಲ್ಲಿ ಏನಾಯಿತು ನೋಡಿ. ವಾಯವ್ಯ ಗಡಿಯ ಬನ್ನು ಕಡೆಯಿಂದ ಬಂದ ನಿರಾಶ್ರಿತರು, ವ್ಯಾಪಾರ ಮಾಡಿಕೊಂಡಿದ್ದವರು, ತಾವೇ ಇಟ್ಟಿಗೆ ಹೊತ್ತು, ಕೂಲಿ ತೆಗೆದುಕೊಂಡು, ತಮ್ಮ ಮನೆ ತಾವೇ ಕಟ್ಟಿಕೊಂಡರು. ಅದರ ಹಿಂದೆ ಸಹಕಾರಿ ಒಕ್ಕೂಟ ಕಟ್ಟಿ ನಿಂತವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಫರೀದಾಬಾದ್ ಮಂಡಳಿಗೆ ಅಧ್ಯಕ್ಷರು ಬಾಬು ರಾಜೇಂದ್ರ ಪ್ರಸಾದ್, ಸಭೆಗೆ ಸ್ವತಃ ನೆಹರೂ ಬಂದು ಕೂರುತ್ತಿದ್ದರು.

ಒಂದೇ ಮೇಜಿನ ಮೇಲೆ ಎರಡು ಫೈಲು. ಒಂದರಲ್ಲಿ ಯಂತ್ರ, ಒಂದರಲ್ಲಿ ಜನ. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ಆ ಮೇಜಿನ ಹಿಂದೆ ಕೂತವರಿಗೆ ಕಾಣದೇ ಇರುತ್ತದಾ?

ಭುವನೇಶ್ವರದ_ಕನ್ನಡಿಗ

ಭುವನೇಶ್ವರದ ಬಗ್ಗೆ ಎರಡು ಸಾಲು. ಕೆಲಸದ ಮೇಲೆ ಇಲ್ಲೇ ಇದ್ದೇನೆ. 1948ರ ಏಪ್ರಿಲ್ 13ಕ್ಕೆ ನೆಹರೂ ಅಡಿಗಲ್ಲು ಹಾಕಿದರು. ಕಟಕ್‌ನಿಂದ ರಾಜಧಾನಿ ಇಲ್ಲಿಗೆ ಬಂತು. ಪ್ಲಾನ್ ಮಾಡಿದ್ದು ಸುಮಾರು 40 ಸಾವಿರ ಜನರಿಗೆ. 2011ರ ಜನಗಣತಿಯಲ್ಲೇ ಎಂಟು ಲಕ್ಷ ದಾಟಿತ್ತು.

ಊರನ್ನು ಯೂನಿಟ್ ಯೂನಿಟ್ ಅಂತ ಕತ್ತರಿಸಿದ್ದಾರೆ. ಇವತ್ತಿಗೂ ಆಟೋದವರಿಗೆ ಯೂನಿಟ್ ನಂಬರ್ ಹೇಳಿದರೆ ಸಾಕು. ಯೂನಿಟ್ ಒಂದರ ಸಂತೆಯಲ್ಲಿ ತರಕಾರಿ, ಯೂನಿಟ್ ನಾಲ್ಕರಲ್ಲಿ ಮೀನು. ಪ್ರತಿ ಯೂನಿಟ್ಟಿಗೂ ತನ್ನದೇ ಶಾಲೆ, ಅಂಗಡಿ, ಆಟದ ಜಾಗ. ದೊಡ್ಡ ರಸ್ತೆ ದಾಟದೆ ಮಗು ನಡೆದುಕೊಂಡು ಶಾಲೆಗೆ ಹೋಗಬೇಕು, ಇದು ಅಳತೆ. ರಸ್ತೆಯಲ್ಲೇ ಏಳು ಬಗೆ ಇಟ್ಟಿದ್ದರು. ಕಾಲುದಾರಿ, ಮರದ ನೆರಳಿನ ದಾರಿ, ಸೈಕಲ್ ದಾರಿ, ಮನೆ ಮುಂದಿನ ಸಣ್ಣ ಬೀದಿಯಿಂದ ಹಿಡಿದು ಊರಿನ ಹೆದ್ದಾರಿಯವರೆಗೆ. ನಡೆಯುವವರು ಮೊದಲು, ಕಾರು ಕೊನೆಗೆ. 1948ರಲ್ಲಿ ಇಲ್ಲಿ ಕಾರಿದ್ದವರು ಎಷ್ಟು ಜನ ಹೇಳಿ, ಬುದ್ಧಿವಂತಿಕೆಯ ಲೆಕ್ಕ ಅದು.

ಬೇಸರದ ಸಂಗತಿ ಅಂದರೆ ಕ್ವಾರ್ಟರ್ಸುಗಳು ಸಂಬಳದ ಪ್ರಕಾರ. ಯಾವ ಟೈಪ್ ಮನೆ ಅಂದರೆ ಯಾವ ದರ್ಜೆಯ ನೌಕರ ಅಂತ ಗೊತ್ತಾಗುತ್ತದೆ. ಆಫೀಸಿನ ಸೀನಿಯಾರಿಟಿ ಲಿಸ್ಟೇ ಬೀದಿಯಾಗಿ ಮಲಗಿದ ಹಾಗೆ. ಸರ್ಕಾರಕ್ಕೆ ಊರು ಕಟ್ಟಿಕೊಟ್ಟರೆ ಸರ್ಕಾರದ ಹಾಗೇ ಇರುತ್ತದೆ. ನೌಕರರಲ್ಲದವರು, ಮನೆ ಕೆಲಸದವರು, ರಿಕ್ಷಾದವರು ಎಲ್ಲಿರಬೇಕು ಅನ್ನುವುದಕ್ಕೆ ಪ್ಲಾನಿನಲ್ಲಿ ಜಾಗ ಕಮ್ಮಿ. ಅವರು ಪ್ಲಾನಿನ ಆಚೆ ತಾವೇ ಊರು ಮಾಡಿಕೊಂಡರು.

ಚಜ್ಜಾ

ಈಗ ನೀವು ಹೇಳಿದ್ದನ್ನೂ ಎಂಜಿನಿಯರ್ ಸಾರ್ ಹೇಳಿದ್ದನ್ನೂ ಒಟ್ಟಿಗೆ ಇಟ್ಟುಕೊಂಡು ಅವರ ಮುಂದಿನ ಕೆಲಸ ನೋಡಿ. ನಾನು ಹೇಳಬೇಕು ಅಂತಿದ್ದದ್ದು ಇದೇ: ಲಂಡನ್ನಿನಲ್ಲಿ ಹೆಸರು ಮಾಡಿದ ಕೋನಿಗ್ಸ್‌ಬರ್ಗರ್ ತಯಾರಾಗಿದ್ದು ಮೈಸೂರು, ದೆಹಲಿಯ ಕಚೇರಿಗಳಲ್ಲಿ.

1954ರಿಂದ 56ರ ನಡುವೆ ವಿಶ್ವಸಂಸ್ಥೆ ಇವರನ್ನೂ, ಅಮೆರಿಕದ ವಸತಿ ತಜ್ಞ ಚಾರ್ಲ್ಸ್ ಏಬ್ರಮ್ಸ್ ಮತ್ತು ಎಂಜಿನಿಯರ್ ಬೋಡಿಯಾನ್ಸ್ಕಿ ಅವರನ್ನೂ ಗೋಲ್ಡ್ ಕೋಸ್ಟಿಗೆ, ಅಂದರೆ ಈಗಿನ ಘಾನಾಕ್ಕೆ, ಕಳಿಸಿತು. ಅಲ್ಲಿನ ಹಳ್ಳಿಯವರು ಮಣ್ಣಿನ ಗೋಡೆ ತಾವೇ ಚೆನ್ನಾಗಿ ಎಬ್ಬಿಸುತ್ತಿದ್ದರು. ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ಚಾವಣಿಯಲ್ಲಿ, ಯಾಕೆಂದರೆ ಚಾವಣಿಗೆ ನಗದು ಬೇಕು. ಹಾಗಾಗಿ ಸರ್ಕಾರ ಮನೆ ಕಟ್ಟಿಕೊಡುವುದೇ ಬೇಡ, ಚಾವಣಿಗೆ, ಬಾಗಿಲು ಕಿಟಕಿಗೆ ಸಾಲ ಕೊಡಲಿ ಅಂತ ಹೇಳಿದರು. ರೂಫ್ ಲೋನ್ ಅಂತಲೇ ಹೆಸರಾಯಿತು. ಗೋಡೆಯನ್ನು ಫ್ಯಾಕ್ಟರಿಯಲ್ಲಿ ಮಾಡಿಸಲು ಹೋಗಿ ಕೆಟ್ಟ ಮನುಷ್ಯ, ಕೆಲವೇ ವರ್ಷದಲ್ಲಿ "ಗೋಡೆ ಜನ ಕಟ್ಟಿಕೊಳ್ಳುತ್ತಾರೆ ಬಿಡಿ" ಅನ್ನುವ ಕಡೆಗೆ ಬಂದರು. ಇದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ.

ಹಳ್ಳಿ_ಪಂಚಾಯ್ತಿ

ಇದು ಕೇಳಿ ನಗು ಬಂತು, ಯಾಕೆಂದರೆ ನನ್ನ ದಿನನಿತ್ಯದ ಕೆಲಸವೇ ಇದು. ನಮ್ಮಲ್ಲಿ ವಸತಿ ಯೋಜನೆಯ ಹಣ ಹಂತ ಹಂತವಾಗಿ ಬರುತ್ತದೆ. ತಳಪಾಯ, ಲಿಂಟಲ್ (ಬಾಗಿಲು ಕಿಟಕಿ ಮೇಲಿನ ತೊಲೆ), ಚಾವಣಿ, ಆಮೇಲೆ ಪೂರ್ತಿ. ಒಂದೊಂದು ಹಂತಕ್ಕೂ ಮನೆ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ಹೊಡೆಯಬೇಕು, ಜಿಪಿಎಸ್ ಸಮೇತ. ಕಟ್ಟುವುದು ಅವರೇ, ದುಡ್ಡು ಸರ್ಕಾರದ್ದು. ನಮ್ಮ ಸೀಮೆಯಲ್ಲಿ ಎಷ್ಟೋ ಮನೆ ಲಿಂಟಲ್ಲಿಗೇ ನಿಂತಿವೆ. ಸರಳು ನೆಟ್ಟಗೆ ಮೇಲಕ್ಕೆ ನೋಡುತ್ತಾ ತುಕ್ಕು ಹಿಡಿದಿವೆ. ಮುಂದಿನ ಕಂತು ಬರುವುದಕ್ಕೆ ಚಾವಣಿ ಹಾಕಿರಬೇಕು, ಚಾವಣಿ ಹಾಕುವುದಕ್ಕೆ ಕಂತು ಬೇಕು. ಬಡ್ಡಿಗೆ ಸಾಲ ತಂದು ಸ್ಲ್ಯಾಬ್ ಹಾಕಿಸಿದವರು ಪಾಸ್. ಉಳಿದವರು ಅಲ್ಲೇ.

ಅವರು ಹೇಳಿದ್ದು ಚಾವಣಿಗೆ ಮೊದಲೇ ದುಡ್ಡು ಕೊಡಿ ಅಂತ. ನಾವು ಕೊಡುವುದು ಚಾವಣಿ ಆದ ಮೇಲೆ. ವ್ಯತ್ಯಾಸ ಇಷ್ಟೇ, ಆದರೆ ಬಡವರ ಮನೆ ಮುಗಿಯುವುದೋ ಬಿಡುವುದೋ ಅನ್ನುವುದು ಈ ಇಷ್ಟರಲ್ಲೇ ಇದೆ.

ಸುಮ್ನೆ_ಕೇಳ್ತೀನಿ

ಇದು ಒಪ್ಪುವಂಥ ಮಾತು. ಆದರೂ ಕೇಳುತ್ತೇನೆ, ಸರ್ಕಾರವೇ ಮನೆ ಕಟ್ಟಿಕೊಡುವುದು ಬೇಡ ಅನ್ನುವ ಈ ವಿಚಾರ ಕೊನೆಗೆ ಸರ್ಕಾರ ಕೈ ತೊಳೆದುಕೊಳ್ಳುವುದಕ್ಕೆ ನೆಪ ಆಗಲಿಲ್ಲವಾ? "ನೀವೇ ಕಟ್ಟಿಕೊಳ್ಳಿ" ಅಂತ ಬಡವರಿಗೆ ಹೇಳುವುದು, ಸಾಹುಕಾರರಿಗೆ ಬಿಲ್ಡರ್ ಬಂದು ಕಟ್ಟಿಕೊಡುವುದು.

ಚಜ್ಜಾ

ಆಗಿದೆ, ಬೇಕಾದಷ್ಟು ಕಡೆ ಆಗಿದೆ. ಆದರೆ ಇವರ ಮಾತನ್ನು ಸರಿಯಾಗಿ ಉಪಯೋಗಿಸಿಕೊಂಡ ಊರು ನೋಡಿ: ಸಿಂಗಾಪುರ. 1963ರಲ್ಲಿ ಏಬ್ರಮ್ಸ್, ಜಪಾನಿನ ಕೋಬೆ ಮತ್ತು ಇವರು ಮೂವರೂ ಸೇರಿ ವರದಿ ಕೊಟ್ಟರು. ಅಲ್ಲಿ ಬ್ರಿಟಿಷರು ಮಾಡಿಟ್ಟಿದ್ದ 1958ರ ಮಾಸ್ಟರ್ ಪ್ಲಾನ್ ಇತ್ತು. ಈ ವೇಗದಲ್ಲಿ ಬೆಳೆಯುವ ಊರಿಗೆ ಅದು ಆಗಿ ಬರುವುದಿಲ್ಲ ಅಂದರು. ದ್ವೀಪದ ನಡುವೆ ಕುಡಿಯುವ ನೀರು ಸಂಗ್ರಹವಾಗುವ ಕಾಡು ಪ್ರದೇಶ ಇದೆ, ಅದನ್ನು ಮುಟ್ಟಬೇಡಿ, ಅದರ ಸುತ್ತ ಬಳೆಯ ಹಾಗೆ ಊರುಗಳನ್ನು ಬೆಳೆಸಿ. ಮುಖ್ಯ ಐಡಿಯಾ ಇಷ್ಟೇ. ಉಳಿದದ್ದು ಒಂದೊಂದು ಕೆಲಸ ಮಾಡುತ್ತಾ, ನೋಡುತ್ತಾ, ತಿದ್ದುತ್ತಾ ಹೋಗಿ. ಅಲ್ಲಿ ಸರ್ಕಾರ ಕೈ ತೊಳೆದುಕೊಳ್ಳಲಿಲ್ಲ, ಅಲ್ಲಿನ ಹೆಚ್ಚಿನ ಜನ ಇವತ್ತಿಗೂ ಸರ್ಕಾರ ಕಟ್ಟಿದ ಫ್ಲ್ಯಾಟಿನಲ್ಲಿದ್ದಾರೆ.

1964ರಲ್ಲಿ ಇದನ್ನೇ ಆಕ್ಷನ್ ಪ್ಲ್ಯಾನಿಂಗ್ ಅಂತ ಬರೆದರು. ಮಾಸ್ಟರ್ ಪ್ಲಾನಿಗೆ ಸರ್ವೆ ಮಾಡುವುದಕ್ಕೇ ವರ್ಷಗಟ್ಟಲೆ ಹಿಡಿಯುತ್ತದೆ, ನಕ್ಷೆ ಬರುವ ಹೊತ್ತಿಗೆ ಊರು ನಕ್ಷೆಯ ಆಚೆ ಹೋಗಿರುತ್ತದೆ, ಹಾಗಾಗಿ ಅವಸರದ್ದನ್ನು ಮೊದಲು ಮಾಡಿ ಅದರಿಂದ ಕಲಿಯಿರಿ ಅನ್ನುವುದು ತಿರುಳು. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾ? 2015ರ ಹೆಸರಿನ ಮಾಸ್ಟರ್ ಪ್ಲಾನ್ ಮಂಜೂರಾಗಿದ್ದು 2007ರಲ್ಲಿ. 2031ರದ್ದು 2017ರಲ್ಲಿ ಕರಡಾಗಿ ಬಂದು ವಾಪಸ್ ಹೋಯಿತು.

ಬಸವನಗುಡಿ_ಹುಡುಗ

ಅಂದರೆ ಲಂಡನ್ನಿನಲ್ಲಿ ಕೆಲಸ ಏನು? ಪಾಠ ಮಾಡುವುದಾ?

ಚಜ್ಜಾ

ಹೌದು. ಎಎ (ಆರ್ಕಿಟೆಕ್ಚರಲ್ ಅಸೋಸಿಯೇಷನ್) ಅನ್ನುವ ಹಳೇ ಆರ್ಕಿಟೆಕ್ಚರ್ ಶಾಲೆಯಲ್ಲಿ 1954ರಲ್ಲಿ ಉಷ್ಣವಲಯದ ವಿಭಾಗ ಶುರುವಾಯಿತು. ಮೊದಲು ಬ್ರಿಟಿಷ್ ಆರ್ಕಿಟೆಕ್ಟ್ ಮ್ಯಾಕ್ಸ್‌ವೆಲ್ ಫ್ರೈ ಮುಖ್ಯಸ್ಥರು, 1957ರಿಂದ ಇವರು. ಏಷ್ಯಾ, ಆಫ್ರಿಕಾದಿಂದ ಬಂದ ಸರ್ಕಾರಿ ಆರ್ಕಿಟೆಕ್ಟುಗಳು ಅಲ್ಲಿ ಕಲಿತು ತಮ್ಮ ತಮ್ಮ ಇಲಾಖೆಗೆ ವಾಪಸ್ ಹೋಗುತ್ತಿದ್ದರು. 1971ರಲ್ಲಿ ವಿಭಾಗವೇ ಯೂನಿವರ್ಸಿಟಿ ಕಾಲೇಜಿಗೆ ಹೋಗಿ ಡೆವಲಪ್‌ಮೆಂಟ್ ಪ್ಲ್ಯಾನಿಂಗ್ ಯೂನಿಟ್ ಆಯಿತು. ಅದು ಈಗಲೂ ಇದೆ. ನೌಕರಿ ಬಿಟ್ಟ ಮೇಲೂ ಸರ್ಕಾರಿ ಕಚೇರಿಯವರಿಗೇ ಪಾಠ ಮಾಡಿದರು ನೋಡಿ.

ಕುಡ್ಲದವಳು

ಯಾವ ಊರಿನ ಹವೆಗೆ ಎಂಥ ಮನೆ ಅಂತ ಲೆಕ್ಕ ಹಾಕುವ ಮಹೋನಿ ಟೇಬಲ್ ಅಂತ ಕೇಳಿದ್ದೇನೆ, ಇವರ ವಿಭಾಗದ್ದೇ ಅಲ್ವಾ? ಮಂಗಳೂರಿಗೆ ಹಾಕಿ ತೋರಿಸುತ್ತೀರಾ? ಇಲ್ಲಿ ಈಗ ಎಲ್ಲರೂ ಗಾಜಿನ ಡಬ್ಬಿ ಕಟ್ಟಿ ಎಸಿ ಹಾಕುತ್ತಿದ್ದಾರೆ. ಅಜ್ಜಿ ಮನೆ ಜಗಲಿಯಲ್ಲಿ ಫ್ಯಾನೂ ಬೇಕಿರಲಿಲ್ಲ.

ಚಜ್ಜಾ

ಹೌದು, ಇವರೂ ಕಾರ್ಲ್ ಮಹೋನಿಯೂ ಮಾರ್ಟಿನ್ ಎವಾನ್ಸೂ ಸೇರಿ ಮಾಡಿದ್ದು, 1971ರಲ್ಲಿ ವಿಶ್ವಸಂಸ್ಥೆ ಅಚ್ಚು ಹಾಕಿಸಿತು. ಕಂಪ್ಯೂಟರ್ ಬೇಡ, ಪೆನ್ಸಿಲ್ ಸಾಕು. ಹವಾಮಾನ ಇಲಾಖೆಯ ಅಂಕಿ ತೆಗೆದುಕೊಳ್ಳಿ: ಪ್ರತಿ ತಿಂಗಳ ಗರಿಷ್ಠ, ಕನಿಷ್ಠ ಉಷ್ಣಾಂಶ, ತೇವಾಂಶ, ಮಳೆ. ತೇವಾಂಶವನ್ನು ನಾಲ್ಕು ಗುಂಪು ಮಾಡಿ: 30 ಶೇಕಡಾಕ್ಕಿಂತ ಕಮ್ಮಿ, 30ರಿಂದ 50, 50ರಿಂದ 70, ಅದರ ಮೇಲೆ. ಆಮೇಲೆ ಒಂದೊಂದು ತಿಂಗಳಿಗೂ ಪ್ರಶ್ನೆ ಕೇಳುತ್ತಾ ಟಿಕ್ ಹಾಕಿ. ಸೆಕೆ ಜೊತೆ ತೇವ ಇದೆಯಾ? ಹಾಗಾದರೆ ಗಾಳಿ ಬೇಕೇ ಬೇಕು. ತಿಂಗಳ ಮಳೆ 200 ಮಿಲಿಮೀಟರ್ ದಾಟುತ್ತದಾ? ಮಳೆಯಿಂದ ರಕ್ಷಣೆ ಬೇಕು. ಒಣ ಹವೆ ಇದ್ದು ಹಗಲು ರಾತ್ರಿಗೆ 10 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದೆಯಾ? ದಪ್ಪ ಗೋಡೆ ಕೆಲಸಕ್ಕೆ ಬರುತ್ತದೆ.

ಮಂಗಳೂರಿಗೆ ಗಾಳಿಯ ಸಾಲಿನಲ್ಲಿ ವರ್ಷದ ಹೆಚ್ಚಿನ ತಿಂಗಳಿಗೆ ಟಿಕ್ ಬೀಳುತ್ತದೆ. ಮೂರು ತಿಂಗಳಿಗೆ ಟಿಕ್ ಬಿದ್ದರೆ ಸಾಕು, ಟೇಬಲ್ ಹೇಳುತ್ತದೆ: ಕೋಣೆಗಳು ಒಂದೇ ಸಾಲಿನಲ್ಲಿರಲಿ, ಬೆನ್ನಿಗೆ ಬೆನ್ನು ಕೊಟ್ಟು ಎರಡು ಸಾಲು ಬೇಡ. ಕಿಟಕಿ ಉತ್ತರ ದಕ್ಷಿಣಕ್ಕೆ, ಗಾಳಿ ಬರುವ ಕಡೆ ಮೈ ಎತ್ತರದಲ್ಲಿ. ಕೂತವರ, ಮಲಗಿದವರ ಮೈಗೆ ಗಾಳಿ ತಾಗಬೇಕು, ತಲೆ ಮೇಲೆ ಹಾದು ಹೋದರೆ ಪ್ರಯೋಜನವಿಲ್ಲ. ಜೂನ್, ಜುಲೈ ಮಳೆಗೆ ಗೋಡೆಯಿಂದ ಮುಂದಕ್ಕೆ ಚಾಚಿದ ಮಾಡು. ಅಜ್ಜಿ ಮನೆ ಜಗಲಿ ಇದೇ ಅಲ್ವಾ? ಕಿಟಕಿಯೇ ತೆಗೆಯದ ಗಾಜಿನ ಡಬ್ಬಿ ಇದರಲ್ಲಿ ಯಾವ ಸಾಲಿಗೂ ಸೇರುವುದಿಲ್ಲ.

ಕಲಬುರಗಿ_ಬಿಸಿಲು

ಅಕ್ಕಾ, ನಮ್ಮೂರಿಗೂ ಒಂದ್ಸಲ ಹಾಕಿ. 30x40 ಸೈಟು, ಪಶ್ಚಿಮಕ್ಕೆ ಮುಖ. ಕಂಟ್ರಾಕ್ಟರ್ ಮುಂದುಗಡೆ ದೊಡ್ಡ ಕಿಟಕಿ ಇಡೋಣ, ಲುಕ್ ಬರುತ್ತದೆ ಅಂತಾನೆ.

ಚಜ್ಜಾ

ಬೇಡ ತಮ್ಮಾ, ಮೇ ತಿಂಗಳ ಮೂರು ಗಂಟೆ ಬಿಸಿಲು ನೇರ ಸೋಫಾದ ಮೇಲೆ ಬೀಳುತ್ತದೆ. ಕಲಬುರಗಿಗೆ ಟೇಬಲ್ ಹಾಕಿದರೆ ಮಂಗಳೂರಿನ ಉಲ್ಟಾ ಬರುತ್ತದೆ. ಮಳೆಗಾಲ ಬಿಟ್ಟರೆ ಹಗಲು ರಾತ್ರಿಯ ವ್ಯತ್ಯಾಸ 10 ಡಿಗ್ರಿ ದಾಟುವ ತಿಂಗಳೇ ಜಾಸ್ತಿ. ಅಂದರೆ ದಪ್ಪ ಗೋಡೆ, ಭಾರದ ಚಾವಣಿ, ಚಿಕ್ಕ ಕಿಟಕಿ. ನಿಮ್ಮ ಕಡೆ ಶಹಾಬಾದ್ ಕಲ್ಲು ಸುಲಭವಾಗಿ ಸಿಗುತ್ತದೆ, ಅದನ್ನು ಬರೀ ನೆಲಕ್ಕೆ ಹಾಕಿ ಬಿಡಬೇಡಿ. ಇನ್ನೊಂದು ಸಾಲು ಇದೆ: ಬೇಸಿಗೆಯ ರಾತ್ರಿ ಹೊರಗೆ ಮಲಗುವುದಕ್ಕೆ ಜಾಗ ಬೇಕಾ ಅಂತ. ನಿಮ್ಮೂರಿಗೆ ಬೇಕು ಅಂತಲೇ ಬರುತ್ತದೆ. ಮಾಳಿಗೆಗೆ ಒಳ್ಳೇ ಮೆಟ್ಟಿಲು, ಸುತ್ತ ಎದೆಮಟ್ಟದ ಗೋಡೆ ಇಡಿಸಿಕೊಳ್ಳಿ.

ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಸ್ಟೋರ್ ಹಾಕಿ. ಮಲಗುವ ಕೋಣೆ ಹಿಂದಕ್ಕೆ, ಪೂರ್ವಕ್ಕೆ. ಪ್ಲಾನಿನ ಫೋಟೋ ಹಾಕಿ, ಕಂಟ್ರಾಕ್ಟರಿಗೆ ತೋರಿಸುವ ಹಾಗೆ ಗುರುತು ಮಾಡಿ ಕೊಡುತ್ತೇನೆ.

ನಿವೃತ್ತ_ಎಂಜಿನಿಯರ್

ಸ್ಲ್ಯಾಬ್ ಮೇಲೆ ಬಿಸಿಲು ತಡೆಯಲು ಬಿಳಿ ಚೈನಾ ಮೊಸಾಯಿಕ್ (ಒಡೆದ ಬಿಳಿ ಟೈಲ್ಸಿನ ಚೂರು) ಹಾಕಿಸಲಿ, ಎಸ್ಟಿಮೇಟಿನಲ್ಲಿ ಈಗಲೇ ಸೇರಿಸಿಕೊಳ್ಳಿ. ಆಮೇಲೆ ಅಂದರೆ ಯಾರೂ ಹಾಕುವುದಿಲ್ಲ.